ಕಾಫಿ ಕುಡಿದ ಖಾಲಿ ಹೊಟ್ಟೆ

ಸಂಸೆಯ ಸುತ್ತಮುತ್ತ ತಿಮ್ಮಮ್ಮನವರ ನಾಲಗೆಗೆ ಹೆದರದವರಿರಲಿಲ್ಲ. ಬೈಗುಳಕ್ಕೆ ಹೆದರುತ್ತಿದ್ದುದು ಸರಿಯೇ, ಅದಕ್ಕಿಂತ ಹೆಚ್ಚಾಗಿ ಆ ನಾಲಗೆಯ ರುಚಿಗೆ ಹೆದರುತ್ತಿದ್ದರು. ಅವರ ತೋಟದಲ್ಲೊಂದು ಪದ್ಧತಿಯಿತ್ತು. ಪಾರ್ಚ್‌ಮೆಂಟ್ ಅಂದರೆ ತೊಳೆದ ಕಾಫಿಬೀಜ ಒಣಗಿದಾಗಲೆಲ್ಲ ಅದರಲ್ಲೊಂದು ಬೊಗಸೆ ತೆಗೆದು, ಸಿಪ್ಪೆ ಬಿಡಿಸಿ, ಹುರಿದು, ಪುಡಿ ಮಾಡಿ, ಹಾಲು ಸಕ್ಕರೆ ಹಾಕದ ಒಂದು ಲೋಟ ಕಾಫಿಯನ್ನು ಅವರ ಮುಂದಿಡಬೇಕು. ಅವರು ಗುಟುಕು ಕುಡಿದು ತಲೆಯಾಡಿಸಿದ ಮೇಲೆಯೇ ಮೂಟೆಗಳು ಜೀಪು ಹತ್ತುತ್ತಿದ್ದವು. ಗಂಡ ರುದ್ರಪ್ಪ ಯಜಮಾನರೆನ್ನುವುದು ಹೆಸರಿಗೆ ಮಾತ್ರ.

ಈ ವರ್ಷದ ಕುಯ್ಲಿನಲ್ಲಿ ಆ ತಲೆ ಒಮ್ಮೆಯೂ ಆಡಲಿಲ್ಲ.

"ಇದೇನು ಮಲ್ಲೇಶ, ಕಾಫಿಯೋ ಬಿಸಿನೀರೋ?"

ಮೀಸೆ ಚಿಗುರುವ ಮೊದಲೇ ಆ ತೋಟ ಸೇರಿದ ಮಲ್ಲೇಶ ಈಗ ಹಣ್ಣಿನ ಸಿಪ್ಪೆ ಸುಲಿಸುವ ಪಲ್ಪಿಂಗ್ ನೋಡಿಕೊಳ್ಳುವ ಮೇಸ್ತ್ರಿ. ಬೀಜದ ಲೋಳೆ ಬಿಡಿಸುವ ನೀರು ಬದಲಿಸಿದ, ಕಣದಲ್ಲಿ ತಾನೇ ನಿಂತು ಕೈಯಾಡಿಸಿದ. ಏನು ಮಾಡಿದರೂ ತಿಮ್ಮಮ್ಮನವರದು ಒಂದೇ ಮಾತು: ಸಪ್ಪೆ. ಮೂಟೆಗಳು ಗೋದಾಮಿನಲ್ಲೇ ಉಳಿದವು. ಕಡೆಗೊಂದು ದಿನ ಅವರು, "ಮಳೆ ಹಿಡಿಯೋದ್ರೊಳಗೆ ಬೇರೆ ತೋಟ ನೋಡ್ಕೋ ಮಾರಾಯ" ಅಂದುಬಿಟ್ಟರು. ಮರುದಿನದಿಂದಲೇ ಮಲ್ಲೇಶ ಬೇರೆ ತೋಟ ವಿಚಾರಿಸತೊಡಗಿದ.

ಅದೇ ಹೊತ್ತಿಗೆ ತಿಮ್ಮಮ್ಮ ನಡುಮಧ್ಯಾಹ್ನದ ಬಿಸಿಲಲ್ಲೂ ಶಾಲು ಹೊದೆಯತೊಡಗಿದ್ದರು. ಬಾಚಣಿಗೆಯ ತುಂಬ ಕೂದಲು, ಕೂತಲ್ಲೇ ತೂಕಡಿಕೆ. ವಯಸ್ಸಾಯಿತೆಂದು ಅವರು ಸುಮ್ಮನಿದ್ದರು. ಸೊಸೆ ರೂಪಶ್ರೀ ಸುಮ್ಮನಿರಲಿಲ್ಲ. ಕಳಸಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು.

"ಕತ್ತಿನ ಮುಂಭಾಗದಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ ಅಮ್ಮ" ಎಂದರು ಡಾಕ್ಟರ್ ಮೇಘಶ್ರೀ. "ಮೈಯೊಳಗಿನ ಕೆಲಸ ಎಷ್ಟು ಚುರುಕಾಗಿ ನಡೀಬೇಕು ಅನ್ನೋದು ಅದರ ಹಾರ್ಮೋನಿನ ಕೈಲಿದೆ. ಜಾಸ್ತಿಯಾದ್ರೆ ಎದೆ ಡವಡವ ಅನ್ನುತ್ತೆ, ಬೆವರು ಸುರಿಯುತ್ತೆ, ಮೈ ಇಳಿಯುತ್ತೆ. ನಿಮಗೆ ಕಮ್ಮಿಯಾಗಿದೆ. ಅದಕ್ಕೇ ಈ ಚಳಿ, ಸುಸ್ತು."

"ಕಮ್ಮಿ ಅಂತೀರಿ. ಇಲ್ಲಿ ನೋಡಿದ್ರೆ ಟಿಎಸ್ಎಚ್ ಜಾಸ್ತಿ ಅಂತ ಬರೆದಿದೆ?" ತಿಮ್ಮಮ್ಮ ರಿಪೋರ್ಟು ತೋರಿಸಿದರು.

"ಅದು ತಲೆಯೊಳಗಿರೋ ಇನ್ನೊಂದು ಗ್ರಂಥಿ ಕಳಿಸೋ ಕೂಗು. ಥೈರಾಯ್ಡ್ ಸೋಮಾರಿಯಾದಷ್ಟೂ ಅದು ಜೋರಾಗಿ ಕೂಗುತ್ತೆ."

"ಓಹೋ, ಮೇಸ್ತ್ರಿ!" ತಿಮ್ಮಮ್ಮನ ಮುಖ ಅರಳಿತು. "ಆಳು ಕೈ ಆಡಿಸದಿದ್ರೆ ಮೇಸ್ತ್ರಿ ಗಂಟಲು ಹರ್ಕೋತಾನೆ. ಗಂಟಲು ಕೇಳಿದ್ರೇ ಸಾಕು, ಕೆಲಸ ಎಷ್ಟಾಗಿದೆ ಅಂತ ಗೊತ್ತಾಗುತ್ತೆ."

ಊರು ಮುಟ್ಟುವವರೆಗೂ ಜೀಪಿನಲ್ಲಿ ಅವರು ಕತ್ತು ಮುಟ್ಟಿಕೊಂಡು, ಉಗುಳು ನುಂಗಿ ನೋಡಿದ್ದೇ ನೋಡಿದ್ದು. ಮನೆಗೆ ಬಂದವರೇ ರುದ್ರಪ್ಪನವರ ಕತ್ತನ್ನೂ ಒತ್ತಿ ನೋಡಿದರು. ಇಷ್ಟು ದಿನ ತನ್ನೊಳಗೇ ಇಂಥದೊಂದು ಕಾರುಬಾರು ನಡೆಯುತ್ತಿತ್ತೆಂಬ ಬೆರಗು ಅವರಿಗೆ. ಆದರೆ ಕಾಫಿ ಸಪ್ಪೆಯಾಗುತ್ತಿರುವುದನ್ನು ಮಾತ್ರ ಡಾಕ್ಟರಿಗೆ ಹೇಳಿರಲಿಲ್ಲ. ಅದು ಕಾಫಿಯ ರೋಗ, ತನ್ನದಲ್ಲ!

ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ತಿಮ್ಮಮ್ಮ ವ್ರತದ ಹಾಗೆ ನಡೆಸಿದರು. ಎರಡು ತಿಂಗಳ ಹತ್ತಿರ ಬಂತು. ಮತ್ತೆ ರಕ್ತ ನೋಡಿದರೆ ಮೇಸ್ತ್ರಿಯ ಕೂಗು ಇದ್ದ ಹಾಗೇ ಇತ್ತು.

"ಮಾತ್ರೆ ಮರೆತಿದ್ರಾ?"

"ಒಂದಿನಾನೂ ಇಲ್ಲ."

"ಖಾಲಿ ಹೊಟ್ಟೆಗೆ ತಾನೇ?"

"ಖಾಲಿ ಹೊಟ್ಟೆಗೇ. ಮುಖ ತೊಳೆದು ಕಾಫಿ ಜೊತೆ ನುಂಗ್ತೀನಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕಾಫಿ ಕುಡಿದ್ರೆ ಖಾಲಿ ಹೊಟ್ಟೆ ಹೇಗಾಗುತ್ತೆ ಅಮ್ಮ?"

ಈ ಪ್ರಶ್ನೆ ತಿಮ್ಮಮ್ಮನಿಗೆ ಅರ್ಥವೇ ಆಗಲಿಲ್ಲ. "ನಮ್ಮಲ್ಲಿ ಶಿವರಾತ್ರಿ ಉಪವಾಸಕ್ಕೂ ಕಾಫಿ ಅಡ್ಡಿಯಿಲ್ಲ. ಈಶ್ವರ ಒಪ್ಪಿದ್ದನ್ನ ನಿಮ್ಮ ಮಾತ್ರೆ ಒಪ್ಪಲ್ವಾ?"

"ಒಪ್ಪಲ್ಲ" ಎಂದು ಡಾಕ್ಟರ್ ನಕ್ಕರು. "ಕಾಫಿ ಆ ಮಾತ್ರೆ ಮೈಗೆ ಹತ್ತೋಕೆ ಬಿಡಲ್ಲ. ಬರೀ ನೀರಲ್ಲಿ ನುಂಗಿ. ಕಾಫಿಗೆ ಒಂದು ಗಂಟೆ ಕಾಯಿರಿ."

ಕಾಫಿ ತೋಟದ ಯಜಮಾನಿ ಬೆಳಗಿನ ಕಾಫಿಗೆ ಒಂದು ಗಂಟೆ ಕಾಯುವುದೆಂದರೆ ಹುಡುಗಾಟವೇ? ಮನೆಮಂದಿಯೆಲ್ಲ ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಬೀಳದೆ ಓಡಾಡಿದರು. ಆದರೂ ತಿಮ್ಮಮ್ಮ ಪಟ್ಟು ಬಿಡಲಿಲ್ಲ. ಮೆಲ್ಲಗೆ ಶಾಲು ಗೂಟ ಸೇರಿತು, ತೂಕಡಿಕೆ ಹೋಯಿತು. ಮುಂಗಾರಿನ ಮೋಡ ಕಾಣುವ ಹೊತ್ತಿಗೆ ಒಂದು ಬೆಳಿಗ್ಗೆ ಮೊದಲ ಗುಟುಕಿಗೇ ಮುಖ ಕಿವುಚಿದರು.

"ಇದೇನೇ ರೂಪಾ, ಹಾಗಲಕಾಯಿ ಕಷಾಯ!"

"ನೀವೇ ಸಪ್ಪೆ ಅಂತ ಪುಡಿ ದುಪ್ಪಟ್ಟು ಹಾಕು ಅಂದಿದ್ರಲ್ಲ ಅತ್ತೆ. ಮಾವ ಕದ್ದು ಬಿಸಿನೀರು ಬೆರೆಸ್ಕೊಂಡು ಕುಡೀತಿದ್ರು."

ತಿಮ್ಮಮ್ಮ ಲೋಟ ಹಿಡಿದೇ ಡಾಕ್ಟರಿಗೆ ಫೋನ್ ಮಾಡಿದರು. "ಥೈರಾಯ್ಡ್ ಕಮ್ಮಿಯಾದ್ರೆ ನಾಲಗೆ ರುಚೀನೂ ಹೋಗುತ್ತಾ?"

"ಕೆಲವರಿಗೆ ಹೋಗುತ್ತೆ. ನಿಮಗೂ ಹೋಗಿತ್ತಾ? ಯಾಕೆ ಹೇಳ್ಲಿಲ್ಲ?"

ತಿಮ್ಮಮ್ಮ ಫೋನ್ ಇಟ್ಟರು. ಗೋದಾಮಿನಿಂದ ಒಂದು ಬೊಗಸೆ ಪಾರ್ಚ್‌ಮೆಂಟ್ ತರಿಸಿ, ತಾವೇ ಹುರಿದು, ಕಾಸಿ ಕುಡಿದರು. ಅಂಥ ಕಾಫಿ ಆ ತೋಟದಲ್ಲಿ ಎಂದೂ ಆಗಿರಲಿಲ್ಲ. ಇನ್ನೊಂದು ಲೋಟ ತುಂಬಿಕೊಂಡು ಆಳುಗಳ ಲೈನ್ ಮನೆಗಳ ಕಡೆ ನಡೆದರು.

ಮಲ್ಲೇಶ ಲೈನ್ ಮನೆಯಲ್ಲಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದ. ತಿಮ್ಮಮ್ಮ ಲೋಟ ಹಿಡಿದು ಬಾಗಿಲಿಗೇ ಬಂದದ್ದು ಕಂಡು ಗಾಬರಿಯಿಂದ ಎದ್ದು ನಿಂತ.

"ತಪ್ಪು ನಿಂದಲ್ಲ ಮಾರಾಯ. ಕೆಟ್ಟಿದ್ದು ನನ್ನ ನಾಲಗೆ. ಕಾಫಿ ಚೆನ್ನಾಗಿದೆ, ತುಂಬ ಚೆನ್ನಾಗಿದೆ."

ಅವನು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ನಂಗೂ ಪ್ರತಿ ಸಲ ಚೆನ್ನಾಗೇ ಇದೆ ಅನ್ನಿಸ್ತಿತ್ತು ಅಮ್ಮಾವ್ರೇ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನೀವೇ ಸಪ್ಪೆ ಅಂದ್ಮೇಲೆ ನನ್ನ ನಾಲಗೆನೇ ಕೆಟ್ಟಿರಬೇಕು ಅಂದ್ಕೊಂಡೆ. ಕಳಸದ ಕಡೆ ತೋಟದೋರು ಪಲ್ಪಿಂಗ್ ನೋಡ್ಕೋ ಅಂದ್ರು. ಅದು ನಂಗೆ ಬರಲ್ಲ, ಕಳೆ ತೆಗೆಯೋ ಕೆಲಸ ಕೊಡಿ ಅಂದೆ."

ತಿಮ್ಮಮ್ಮ ಅವನ ಮೆಟ್ಟಿಲ ಮೇಲೆಯೇ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕುಡಿ" ಎಂದರು. "ಕುಡಿದು ಹೇಗಿದೆ ಅಂತ ನೀನೇ ಹೇಳು. ನೀನು ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ."