ಕಪ್ಪು ಪರದೆಯ ಕೋಣೆ

ಹಾರ ಹಿಡಿದಿದ್ದ ಕೈಯನ್ನೇ ಹೊರಳಿಸಿ ಅಟೆಂಡರ್ ಗಡಿಯಾರ ನೋಡಿಕೊಂಡ. ಹತ್ತೂಕಾಲು. ಹಾರವನ್ನು ಮೇಡಂ ಶವದ ಕಾಲ ಬಳಿ ಇಟ್ಟು, ಅವರ ತಂಗಿಯ ಪಕ್ಕಕ್ಕೆ ಬಂದು ನಿಂತ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಹನ್ನೊಂದಕ್ಕೆ ಪಾಚಿ ಬಾಟಲಿ ಅಳೀಬೇಕು. ಹೊತ್ತು ತಪ್ಪಿದ್ರೆ ಲೆಕ್ಕಕ್ಕೆ ಬರಲ್ಲ."

"ಇವತ್ತೂನಾ?" ಎಂದರು ಜೀವಶಾಸ್ತ್ರದ ಹಿರಿಯ ಪ್ರೊಫೆಸರು. "ಆ ಗೆರೆ ಎಲ್ಲಿಗೂ ಓಡಿಹೋಗಲ್ಲಪ್ಪ."

ಗೆರೆಯ ಮೇಲೆ ಅವರಿಗೆ ಹಳೆಯ ಮುನಿಸು. ಇಪ್ಪತ್ತೆರಡು ವರ್ಷದ ಹಿಂದೆ ಭೌತಶಾಸ್ತ್ರದ ಮೇಡಂ ಲೆಕ್ಕ ಹಾಕಿ, ಇದಕ್ಕಿಂತ ಕಡಿಮೆ ಬೆಳಕಿನಲ್ಲಿ ಯಾವ ಹಸಿರೂ ಬದುಕಲಾರದು ಎಂದು ಗೋಡೆಯ ಹಾಳೆಯ ಮೇಲೆ ಕೆಂಪು ಗೆರೆ ಎಳೆದಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬೆಳಕನ್ನು ಚೂರುಚೂರೇ ಇಳಿಸುತ್ತಾ ಹೋದರೆ ಪಾಚಿ ತಲೆಮಾರಿನಿಂದ ತಲೆಮಾರಿಗೆ ಬದಲಾಗಿ ಆ ಗೆರೆಯವರೆಗೂ ಬಂದೇ ಬರುತ್ತದೆ ಎಂದೂ ಹೇಳಿಬಿಟ್ಟರು. ಪ್ರೊಫೆಸರು ಅದನ್ನು ನಂಬಲೇ ಇಲ್ಲ. ಭೌತಶಾಸ್ತ್ರದವರು ಅವರನ್ನು 'ಪಾಚಿ ಮೇಡಂ' ಎಂದರು, ಜೀವಶಾಸ್ತ್ರದವರು 'ಲೆಕ್ಕದಮ್ಮ' ಎಂದರು. ಎರಡಕ್ಕೂ ಅವರು ಓಗೊಡುತ್ತಿದ್ದರು. ಕಳೆದ ವಾರ ಬೆಳಕು ಗೆರೆಯವರೆಗೆ ಇಳಿದಿತ್ತು. ಪಾಚಿ ಬೆಳೆದಿದೆಯೋ ಸತ್ತಿದೆಯೋ ಇವತ್ತು ಗೊತ್ತಾಗಬೇಕಿತ್ತು.

*

ಆರನೇ ವರ್ಷ ಒಂದು ಬೆಳಿಗ್ಗೆ ಬಾಟಲಿಗಳು ಬಿಳಿಚಿಕೊಂಡಿದ್ದವು. ಅಟೆಂಡರನಿಗೆ ಪಾಪ ಅನ್ನಿಸಿತು. ಮೇಡಂ ಬರುವುದರೊಳಗೆ ಒಂಚೂರು ಚೇತರಿಸಿಕೊಳ್ಳಲಿ ಎಂದು ಕಪ್ಪು ಪರದೆ ಸರಿಸಿ ಬಿಸಿಲು ಬಿಟ್ಟ. ಮಬ್ಬಿಗೆ ಒಗ್ಗಿದ್ದ ಪಾಚಿಯೆಲ್ಲ ಬಿಸಿಲಿಗೆ ಸತ್ತು, ಆರು ವರ್ಷದ ಕೆಲಸ ನೀರುಪಾಲಾಯಿತು.

"ನನ್ನ ಕೆಲಸದಿಂದ ತೆಗೆದುಬಿಡಿ ಮೇಡಂ," ಎಂದ.

ಮೇಡಂ ಸ್ಟೂಲಿನಿಂದೆದ್ದು ಪರದೆಯನ್ನು ಮತ್ತೆ ಎಳೆದರು.

"ತೆಗೆದ್ರೆ ಬಾಟಲಿ ಯಾರು ತೊಳೀತಾರೆ? ಅವಕ್ಕೆ ನಮ್ಮ ಕನಿಕರ ಬೇಡ ಕಣಯ್ಯ. ಬಾ, ಮೊದಲಿಂದ ಶುರು ಮಾಡೋಣ."

*

ತಂಗಿ ಕಣ್ಣೊರೆಸಿಕೊಂಡರು. "ನನ್ನ ಮದುವೆ ಊಟ ಬಿಟ್ಟು ಬಾಟಲಿ ಅಳೆಯೋಕೆ ಹೋದವಳು ನಮ್ಮಕ್ಕ. ಗಾಡಿ ಆ ಕಡೆಯಿಂದಲೇ ಹೋಗಲಿ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶವದ ಗಾಡಿ ಪ್ರಯೋಗಾಲಯದ ಮುಂದೆ ನಿಂತಿತು. ಬಂದವರೆಲ್ಲ ಕಾರಿಡಾರಿನಲ್ಲಿ ಹಾಳೆಯ ಮುಂದೆ ಗುಂಪುಗೂಡಿದರು. ಅಟೆಂಡರ್ ಒಬ್ಬನೇ ಕತ್ತಲ ಕೋಣೆಗೆ ಹೋಗಿ, ಅಳತೆ ಬರೆದ ಚೀಟಿ ಹಿಡಿದು ಬಂದ. ಚೀಟಿಯನ್ನು ಪ್ರೊಫೆಸರಿಗೇ ಕೊಟ್ಟ.

ಅವರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಹೋದ ವಾರ ನಲವತ್ತು. ಈ ವಾರ ನಲವತ್ತಮೂರು. ಬೆಳೆದಿದೆ. ಲೆಕ್ಕದಮ್ಮ ಗೆದ್ದುಬಿಟ್ರು ಕಣ್ರೀ."

ಸೋತವರ ಮುಖದಲ್ಲಿ ಅಷ್ಟೊಂದು ಖುಷಿಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಸರಿಯಾಗಿ ಕೆಂಪು ಗೆರೆಯ ಮೇಲೆ ಅವರೇ ಚುಕ್ಕೆ ಇಟ್ಟರು. ಯಾರೋ ಚಪ್ಪಾಳೆ ತಟ್ಟಿದರು. ತಂಗಿ ಅಳುತ್ತಲೇ ತಾವೂ ತಟ್ಟಿದರು, ಆಮೇಲೆ ಕಾರಿಡಾರಿಗೆ ಕಾರಿಡಾರೇ ತಟ್ಟಿತು.

ಎಲ್ಲರೂ ಗಾಡಿಯ ಕಡೆ ಹೊರಟರು. ಅಟೆಂಡರ್ ಮಾತ್ರ ಹಿಂದಕ್ಕೆ ಹೋಗಿ, ಕಪ್ಪು ಪರದೆಯ ಅಂಚು ಹಿಡಿದು, ಒಂದೆಳೆ ಬಿಸಿಲೂ ನುಸುಳದಂತೆ ಬಿಗಿಯಾಗಿ ಎಳೆದ.