ಏಳು ಗಂಟೆಯ ಹೆಜ್ಜೆಗಳು

ಗೊರೂರು ಅಣೆಕಟ್ಟಿನಲ್ಲಿ ನೀರಿನ ಮಟ್ಟ ಬರೆದುಕೊಳ್ಳುವುದು ನನ್ನ ಕೆಲಸ. ಹೊತ್ತಿಗೆ ಸರಿಯಾಗಿ ಅಳತೆಪಟ್ಟಿ ನೋಡಬೇಕು, ಅಂಕಿ ಬರೆಯಬೇಕು, ಮೇಲಿನವರಿಗೆ ಫೋನಿನಲ್ಲಿ ಹೇಳಬೇಕು. ಹದಿನೆಂಟು ವರ್ಷ ಇದನ್ನೇ ಮಾಡಿ ನನಗೊಂದು ಜಂಬ ಬಂದುಬಿಟ್ಟಿತ್ತು. ಅಂಕಿ ಗೊತ್ತಿದ್ದರೆ ಸಾಕು, ನೀರಿನ ಹತ್ತಿರ ಹೋಗಬೇಕಾಗಿಲ್ಲ ಅಂದುಕೊಂಡಿದ್ದೆ.

ಜೂನ್ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಫೋನಿಗೆ ಸಂದೇಶ ಬಂತು. ‘ನಿಸರ್ಗ ಕೆ., ಒಂಬತ್ತನೇ ತರಗತಿ. ಇಂದಿನ ಹೆಜ್ಜೆಗಳು 6,214. ಬೆಳಿಗ್ಗೆ: ಉಪ್ಪಿಟ್ಟು. ಮಧ್ಯಾಹ್ನ: ಅನ್ನ, ಸಾಂಬಾರು, ಮೊಟ್ಟೆ. ರಾತ್ರಿ: ಮುದ್ದೆ 1, ಸೊಪ್ಪಿನ ಸಾರು.’ ಕೆಳಗೆ ಅವಳ ಮನೆಯ ಫೋನ್ ನಂಬರು. ತಟ್ಟೆ ಮುಂದೆ ಅದೆಷ್ಟು ಹೊತ್ತು ಕೂತಿದ್ದೆನೋ, ಸಾರು ತಣ್ಣಗಾಗಿತ್ತು.

ನಿಸರ್ಗ ನನ್ನ ಮಗಳು. ಎರಡು ವರ್ಷದಿಂದ ಅವಳು ಮತ್ತು ಅವಳಮ್ಮ ಶಿವರಂಜನಿ ಹೊಳೆನರಸೀಪುರದಲ್ಲಿ, ನಾನು ಗೊರೂರಿನ ಕ್ವಾರ್ಟರ್ಸಿನಲ್ಲಿ. ನಡುವೆ ಇರುವುದು ಒಂದು ಗಂಟೆಯ ಬಸ್ಸು, ಅಷ್ಟೇ. ಆ ಒಂದು ಗಂಟೆಯನ್ನು ದಾಟಲಾಗದಂತೆ ಮಾಡಿಕೊಂಡವನು ನಾನೇ. ನನ್ನ ಬಾಯಿ ಒಳ್ಳೆಯದಲ್ಲ. ಅರಕಲಗೂಡಿನಲ್ಲಿ ಶಿವರಂಜನಿಯ ಅಣ್ಣನ ಮನೆಯಲ್ಲಿ ಮಾತುಕತೆಗೆ ಕೂತಾಗ, ಎಲ್ಲರೆದುರು ಹೇಳಬಾರದ್ದನ್ನೆಲ್ಲ ಹೇಳಿ, ಕೊನೆಗೆ, “ನೀವಾಗಿ ಕರೆಯೋಗಂಟ ತಾಯಿ ಮಗಳಿರೋ ಮನೆ ಹೊಸಿಲು ತುಳಿಯಾಕಿಲ್ಲ” ಎಂದು ಟವಲ್ ಕೊಡವಿ ಎದ್ದು ಬಂದಿದ್ದೆ. ಶಿವರಂಜನಿಯೂ ಬಿಡಲಿಲ್ಲ. “ನನ್ನ ಮಗಳ ಕೈಗೆ ಸೌಟು ಕೊಡಲ್ಲ. ನಾನೊಬ್ಬಳೇ ದುಡಿದು ಓದಿಸ್ತೀನಿ, ನೋಡ್ತಾ ಇರಿ,” ಎಂದಿದ್ದಳು. ಆಡಿದ ಮಾತಿಗೆ ಇಬ್ಬರೂ ಗಟ್ಟಿಯಾಗಿ ಅಂಟಿಕೊಂಡೆವು.

ಮರುದಿನ ಶಾಲೆಗೆ ಫೋನ್ ಮಾಡಿ ವಿಚಾರಿಸಿದೆ. ಮಕ್ಕಳು ಬೇಕರಿ ತಿಂಡಿ ಬಿಡಲಿ, ಮೈ ಬಗ್ಗಿಸಿ ಓಡಾಡಲಿ ಎಂದು ಯಾವುದೋ ಸಂಸ್ಥೆಯವರು ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ ಹನ್ನೆರಡು ವಾರದ ಮಟ್ಟಿಗೆ ಕೈಗೆ ಕಟ್ಟುವ ಬ್ಯಾಂಡ್ ಕೊಟ್ಟಿದ್ದರು. ನಡೆದದ್ದನ್ನು ಬ್ಯಾಂಡ್ ಎಣಿಸುತ್ತದೆ, ತಿಂದದ್ದನ್ನು ಮಕ್ಕಳು ಬರೆಯಬೇಕು. ಪ್ರತಿ ಮಗುವೂ ಮನೆಯ ಒಬ್ಬ ಹಿರಿಯರ ನಂಬರು ಕೊಡಬೇಕಿತ್ತು, ಅವರಿಗೆ ದಿನಾ ಲೆಕ್ಕ ಹೋಗುತ್ತದೆ. “ನಿಮ್ಮ ನಂಬರು ನಿಸರ್ಗನೇ ಬರೆದುಕೊಟ್ಟಿದ್ದು ಸಾ,” ಎಂದರು ಡ್ರಿಲ್ ಮೇಷ್ಟ್ರು ಸಿದ್ದೇಶ.

ಆಮೇಲೆ ನನ್ನ ದಿನಗಳೇ ಬೇರೆಯಾದವು. ಒಂಬತ್ತು ಗಂಟೆಯ ಸಂದೇಶಕ್ಕೆ ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಮಂಗಳವಾರ ಹೆಜ್ಜೆ ಜಾಸ್ತಿ, ಆಟದ ಪೀರಿಯಡ್ ಇರಬೇಕು. ಬೇಕರಿಯ ಪಫ್ಸ್ ಎರಡನೇ ವಾರಕ್ಕೇ ನಿಂತುಹೋಯಿತು, ಭೇಷ್ ಅಂದುಕೊಂಡೆ. ಒಂದು ದಿನ ‘ರಾತ್ರಿ: ಮುದ್ದೆ 1, ಮಜ್ಜಿಗೆ’ ಎಂದಷ್ಟೇ ಇತ್ತು. ಸಾರಿಗೆ ಏನೂ ಇರಲಿಲ್ಲವೇ, ಮೈ ಸರಿಯಿರಲಿಲ್ಲವೇ ಎಂದು ನಿದ್ದೆ ಬರಲಿಲ್ಲ. ಮಗಳನ್ನು ನೋಡಬೇಕೆಂಬ ಆಸೆ ಎದೆಯಲ್ಲಿ ಎಷ್ಟಿತ್ತೆಂದರೆ, ‘ಮೊಟ್ಟೆ’ ಎಂಬ ಪದ ಓದಿದರೂ ಅವಳು ಹಳದಿಯನ್ನು ಬೇರೆ ಎತ್ತಿಟ್ಟು ಕೊನೆಗೆ ತಿನ್ನುತ್ತಿದ್ದುದು ನೆನಪಾಗುತ್ತಿತ್ತು. ನಂಬರು ಅಲ್ಲೇ ಕೆಳಗಿತ್ತು. ಒತ್ತಲಿಲ್ಲ. ಕರೆಯಲಿ, ಕರೆದರೆ ಹೋಗೋಣ ಎಂದು ಕೂತೆ.

ಒಂದು ವಿಷಯ ಮಾತ್ರ ತಲೆ ಕೊರೆಯುತ್ತಿತ್ತು. ಸಂದೇಶದ ಜೊತೆ ಬರುವ ಏರಿಳಿತದ ಚಿತ್ರದಲ್ಲಿ ಸಂಜೆ ಏಳರ ಸುಮಾರಿಗೆ ಹೆಚ್ಚುಕಡಿಮೆ ದಿನಾ ಅವಳ ಹೆಜ್ಜೆ ಒಮ್ಮೆಲೇ ಏರುತ್ತಿತ್ತು. ಹತ್ತು ನಿಮಿಷದಲ್ಲಿ ಸಾವಿರದ ಇನ್ನೂರು. ‘ಸಂಜೆಯ ಓಟ, ಶಹಬ್ಬಾಸ್’ ಎಂದು ಪಕ್ಕದಲ್ಲೇ ಒಂದು ಹೂವಿನ ಚಿತ್ರ. ಕತ್ತಲಾಗುವ ಹೊತ್ತಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಯಾವ ಬೀದಿಯಲ್ಲಿ ಓಡುತ್ತಾಳೆ, ಅವಳಮ್ಮನಿಗೆ ಬುದ್ಧಿ ಬೇಡವೇ ಎಂದು ಶಿವರಂಜನಿಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ.

ಮೂರನೇ ವಾರ ಆ ಏರಿಳಿತದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೊದಲು ಮೂರು ನಿಮಿಷ ಏರು. ಆಮೇಲೆ ಎರಡು ನಿಮಿಷ ಪೂರ್ತಿ ಸೊನ್ನೆ. ಮತ್ತೆ ಐದು ನಿಮಿಷ ಇನ್ನೂ ಜೋರಾದ ಏರು. ನನ್ನ ಒಲೆಯ ಮೇಲೂ ಆಗ ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ, ಮುಚ್ಚಳ ಮುಚ್ಚಿ ಬೇಯಲು ಬಿಟ್ಟು, ಮತ್ತೆ ಪಾತ್ರೆ ಕೆಳಗಿಳಿಸಿ ಕಾಲಲ್ಲಿ ಒತ್ತಿ ಹಿಡಿದು ತೊಳಸುವಾಗ ಥಟ್ಟನೆ ಹೊಳೆಯಿತು. ಹುಡುಗಿ ಓಡುತ್ತಿಲ್ಲ. ಮುದ್ದೆ ತೊಳಸುತ್ತಿದ್ದಾಳೆ.

ನಮ್ಮ ಮನೆಯಲ್ಲಿ ಅದು ನನ್ನ ಕೆಲಸವಾಗಿತ್ತು. ಶಿವರಂಜನಿ ರೊಟ್ಟಿ ತಟ್ಟುವ ಮನೆಯಿಂದ ಬಂದವಳು, ಅವಳು ಮುದ್ದೆ ಮಾಡಿದರೆ ಗಂಟು. ನಾನು ಕೋಲು ಹಿಡಿದರೆ ನಿಸರ್ಗ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಈಗ ನನ್ನ ಕೆಲಸ ಅವಳ ಕೈಗೆ ಹೋಗಿತ್ತು. ಭಾನುವಾರ ಮಾತ್ರ ಏಳಕ್ಕೆ ಏನೂ ಇರುತ್ತಿರಲಿಲ್ಲ. ಶಿವರಂಜನಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ಕೇಳಿದ್ದೆ, ಉಳಿದ ದಿನ ಅವಳು ತಡವಾಗಿ ಬರುತ್ತಾಳೆಂದು ಅದರಿಂದ ತಿಳಿಯಿತು. ಅಂದಿನಿಂದ ನಾನೂ ಏಳಕ್ಕೆ ಸರಿಯಾಗಿ ಒಲೆ ಹಚ್ಚುತ್ತಿದ್ದೆ. ಅವಳಲ್ಲಿ, ನಾನಿಲ್ಲಿ, ಒಟ್ಟಿಗೇ ತೊಳಸುತ್ತಿದ್ದೇವೆ ಎನ್ನುವ ಸಂತೋಷ ನನ್ನದು. ಹುಚ್ಚು ಅನ್ನಿ ಬೇಕಾದರೆ.

ಹನ್ನೆರಡನೇ ವಾರ ಸಿದ್ದೇಶ ಮೇಷ್ಟ್ರು ಫೋನ್ ಮಾಡಿದರು. “ಶನಿವಾರ ಬಂದೋಗಿ ಸಾ. ಹುಡುಗ್ರು ಬ್ಯಾಂಡ್‌ಗೆ ಮೋಸ ಮಾಡವ್ರೆ. ಒಬ್ಬ ಮೇಕೆ ಕಾಲ್ಗೆ ಕಟ್ಟವ್ನೆ, ಇನ್ನೊಬ್ಬ ಫ್ಯಾನ್‌ಗೆ. ನಿಮ್ಮ ಹುಡುಗೀದೂ ಐತೆ. ಮನೇಲಿ ಕೂತ್ಕಂಡು ಕೈ ಅಲ್ಲಾಡ್ಸವ್ಳೆ ಅಂತಾರೆ ಬ್ಯಾಂಡ್ ಕೊಟ್ಟ ಸಂಸ್ಥೆ ಮೇಡಂ. ಕೇಳುದ್ರೆ ಬಾಯೇ ಬಿಡಾಕಿಲ್ಲ.”

ನನ್ನ ಮಗಳಿಗೆ ಮೋಸಗಾತಿಯ ಪಟ್ಟವೇ. ಕರೆದವರು ಶಾಲೆಯವರು, ಮನೆಯವರಲ್ಲ ಎಂಬುದನ್ನೆಲ್ಲ ಮರೆತು ಶನಿವಾರ ಮೊದಲ ಬಸ್ಸಿಗೇ ಹತ್ತಿದೆ. ಚೀಲದಲ್ಲಿ ಒಂದು ಸೇರು ರಾಗಿಹಿಟ್ಟು, ನನ್ನ ಮುದ್ದೆಕೋಲು.

ಸ್ಟಾಫ್ ರೂಮಿನಲ್ಲಿ ಹತ್ತು ಹದಿನೈದು ಜನ ತಂದೆತಾಯಿಗಳಿದ್ದರು. ಗೋಡೆಗೆ ಆತುಕೊಂಡು ನಿಸರ್ಗ ನಿಂತಿದ್ದಳು. ಎಷ್ಟು ಉದ್ದವಾಗಿದ್ದಾಳೆ ಎಂದು ಯಾವ ಸಂದೇಶವೂ ನನಗೆ ಹೇಳಿರಲಿಲ್ಲ. ಅಪ್ಪ ಎಂದು ಅವಳ ತುಟಿ ಅಲುಗಿತು. ಕಿಟಕಿಯ ಬಳಿ ಶಿವರಂಜನಿ ಅಂಗಡಿಯ ಯೂನಿಫಾರ್ಮ್ ಸೀರೆಯಲ್ಲೇ ಕೂತಿದ್ದಳು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಸಂಸ್ಥೆಯಿಂದ ಬಂದಿದ್ದ ರೂಪಶ್ರೀ ಮೇಡಂ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. “ನೋಡಿ, ಬ್ಯಾಂಡ್ ತೋರಿಸುವ ಜಾಗದ ಪ್ರಕಾರ ಇವಳು ಆಗ ಮನೆಯಿಂದ ಹೊರಗೇ ಹೋಗಿಲ್ಲ. ಹತ್ತು ನಿಮಿಷದಲ್ಲಿ ಸಾವಿರದ ಇನ್ನೂರು ಹೆಜ್ಜೆ ಹೇಗೆ ಸಾಧ್ಯ?”

“ಮೇಡಂ, ಅದು ಹೆಜ್ಜೆ ಅಲ್ಲ, ಮುದ್ದೆ,” ಎಂದೆ.

ಎಲ್ಲರೂ ನಕ್ಕರು. ನಿಸರ್ಗ ನಗಲಿಲ್ಲ. ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ನಾಚಿಕೆ ಇರಬೇಕು ಅಂದುಕೊಂಡೆ ನಾನು, ಮಹಾ ಬುದ್ಧಿವಂತ.

ಬಿಸಿಯೂಟದ ಅಡುಗೆಮನೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಅಡುಗೆಯ ಮಲ್ಲಿಗಮ್ಮ ಎಸರಿಟ್ಟುಕೊಟ್ಟರು. ನಿಸರ್ಗಳ ಬ್ಯಾಂಡನ್ನು ರೂಪಶ್ರೀ ಮೇಡಂ ನನ್ನ ಮಣಿಕಟ್ಟಿಗೆ ಕಟ್ಟಿದರು. ಅದರಲ್ಲಿ ಇನ್ನೂ ಅವಳ ಕೈಯ ಬಿಸಿಯಿತ್ತು. ಹಿಟ್ಟು ಸುರಿದು ತಿರುವಿದೆ, ಮುಚ್ಚಿಟ್ಟೆ, ಇಳಿಸಿ ತೊಳಸಿದೆ. ಕೂತ ಜಾಗದಿಂದ ಅಲುಗಲಿಲ್ಲ. ಮುಗಿದಾಗ ಬ್ಯಾಂಡು ತೋರಿಸಿದ್ದು ಸಾವಿರದ ಇನ್ನೂರ ನಲವತ್ತು ಹೆಜ್ಜೆ.

“ಅಯ್ಯೋ, ಹಂಗಾದ್ರೆ ನಾನು ದಿನಾ ಹಾಸನಕ್ಕೆ ನಡ್ಕಂಡೋಗ್ಬುಟ್ಟು ಬತ್ತೀನಿ ಅನ್ನಿ,” ಎಂದರು ಮಲ್ಲಿಗಮ್ಮ. ರೂಪಶ್ರೀ ಮೇಡಂ ನಿಸರ್ಗಳ ಕೈ ಹಿಡಿದು ಕ್ಷಮೆ ಕೇಳಿದರು. ನನ್ನ ಎದೆ ಉಬ್ಬಿತ್ತು, ಇಡೀ ಊರಿಗೆ ಮುದ್ದೆ ಕಟ್ಟುವಷ್ಟು ಹುರುಪು ಬಂದಿತ್ತು.

ಆಗ ಸಿದ್ದೇಶ ಮೇಷ್ಟ್ರು, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಕೇಳಿದರು. “ಅಂಗಾರೆ ದಿನಾ ಅಡ್ಗೆ ನೀನೇ ಮಾಡ್ತೀಯೇನವ್ವಾ? ಅಮ್ಮ ಮನೇಲಿರಲ್ವಾ?”

ಎಲ್ಲರ ಕಣ್ಣೂ ಶಿವರಂಜನಿಯ ಕಡೆ ತಿರುಗಿದವು. ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಡಿಸಿದಳು. “ಅಂಗಡಿ ಮುಚ್ಚೋದು ಎಂಟಕ್ಕೆ ಸಾರ್,” ಎಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಪೋಷಕರ ಹಾಜರಿಗೆ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಸ್ಕೂಟರ್ ನಿಲ್ಲಿಸಿದ ಕಡೆಗೆ ನಡೆದಳು.

ನಿಸರ್ಗ ನನ್ನ ಹತ್ತಿರ ಬಂದಳು. ಎರಡು ವರ್ಷದ ಮೇಲೆ ಒಂದು ಮಾರು ದೂರದಲ್ಲಿ ನಿಂತಿದ್ದಳು.

“ಕಳ್ಳಿ ಅಂದಿದ್ರೆ ನನ್ನೊಬ್ಳನ್ನ ಅಂತಿದ್ರು ಅಪ್ಪ. ಅದಕ್ಕೇ ಸುಮ್ನಿದ್ದೆ. ನನ್ ಕೈಗೆ ಸೌಟು ಕೊಡಲ್ಲ ಅಂದಿದ್ದ ಅಮ್ಮನ್ನ ಈಗ ನೋಡು.”

“ನಿನ್ನ ಹೆಸ್ರು ಕೆಡಬಾರ್ದು ಅಂತ ಬಂದೆ ಕಣ್ ಮಗ.”

“ಮುದ್ದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?”

“ಮೂರ್ನೇ ವಾರ,” ಎಂದೆ. ಆಗಲೂ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು, ನಾಚಿಕೆಗೆಟ್ಟವನು ನಾನು.

ಅವಳು ನನ್ನನ್ನೇ ನೋಡಿದಳು. “ಮೂರ್ನೇ ವಾರ ಗೊತ್ತಾಗಿ, ಆಮೇಲೆ ಒಂಬತ್ತು ವಾರ ನೋಡ್ಕೊಂಡೇ ಕೂತಿದ್ಯಾ? ಒಂದಿನ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ? ನನ್ ಮುದ್ದೆ ಇನ್ನೂ ಗಂಟು ಗಂಟೇ ಆಗುತ್ತೆ. ಗಂಟು ಬಂದ್ರೆ ಏನ್ಮಾಡ್ಬೇಕು ಅಂತ ಕೇಳೋಣ ಅಂದ್ರೆ ಯಾರಿದಾರೆ? ನಿನ್ ನಂಬರ್ ಯಾಕೆ ಕೊಟ್ಟೆ ಅಂದ್ಕೊಂಡೆ?”

ಅವಳು ಸರಸರನೆ ನಡೆದು ಹೋದಳು. ಸ್ಕೂಟರಿನ ಹಿಂದೆ ಕೂತು ಅಮ್ಮನ ಸೊಂಟ ಹಿಡಿದುಕೊಂಡಳು. ಅವರು ಕೋಟೆ ರಸ್ತೆಗೆ ತಿರುಗುವವರೆಗೂ ನೋಡಿದೆ. ಅವಳೇ ಕರೆದಿದ್ದಳು. ದಿನಾ ಕರೆದಿದ್ದಳು. ನಾನು ಅದನ್ನು ಲೆಕ್ಕ ಅಂದುಕೊಂಡು ಓದುತ್ತಿದ್ದೆ.

ಗೊರೂರಿನ ಬಸ್ಸುಗಳು ಒಂದೊಂದಾಗಿ ಹೋದವು. ಹತ್ತಲಿಲ್ಲ. ಹೊಳೆಯ ಕಡೆ ಹೋಗಿ ಕೂತೆ, ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಆ ಮಧ್ಯಾಹ್ನವೇ ಬ್ಯಾಂಡುಗಳನ್ನೆಲ್ಲ ವಾಪಸ್ ತೆಗೆದುಕೊಂಡಿದ್ದರು. ಅವಳು ಮನೆಯಲ್ಲಿ ಏನು ಮಾಡುತ್ತಿದ್ದಾಳೆಂದು ಹೇಳಲು ಇನ್ನು ಯಾವ ಅಂಕಿಯೂ ಬರುವಂತಿರಲಿಲ್ಲ.

ಏಳು ಗಂಟೆ ದಾಟಿದ ಮೇಲೆ ಸಂದೇಶದ ಕೆಳಗಿದ್ದ ಆ ನಂಬರು ಒತ್ತಿದೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಈ ಹೊತ್ತಿನಲ್ಲಿ ಅವಳ ಎರಡು ಕೈಯೂ ಕೋಲಿನ ಮೇಲಿರುತ್ತವೆ, ಬಿಟ್ಟರೆ ಗಂಟಾಗುತ್ತದೆ. ಕಟ್ಟಾಯಿತು. ಮತ್ತೆ ಒತ್ತಿ, ಕಿವಿಗೆ ಹಿಡಿದುಕೊಂಡು ನಿಂತೆ.