ಓಬಳೆಪ್ಪ ಏಳಲು ಹಿಡಿಯುವ ಹೊತ್ತು

ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಲ್ಲಿರುವ ಆ ಅಕ್ಕಿ ಗಿರಣಿಯಲ್ಲಿ ತಮ್ಮ ಹೇಳಿದ್ದು ನಡೆಯುತ್ತದೆ, ಅಕ್ಕ ಬೇಡ ಅನ್ನುವ ತನಕ. ತಮ್ಮ ಎಂದರೆ ಸಾಹುಕಾರರಾದ ಪಂಪಾಪತಿ. ಅಕ್ಕ ಎಂದರೆ ಬಸವಣ್ಣೆಮ್ಮ. ಅವರಿಗೆ ಗಿರಣಿಯಲ್ಲಿ ಯಾವ ಹುದ್ದೆಯೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಾರ್ಟರ್ ಯಂತ್ರದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅಷ್ಟೆ.

ಸಾರ್ಟರ್ ಎಂದರೆ ಅಕ್ಕಿಯ ಬಣ್ಣ ನೋಡುವ ಯಂತ್ರ. ಮೇಲಿನಿಂದ ಅಕ್ಕಿ ಜಾರಿ ಬೀಳುತ್ತದೆ, ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ, ಕರಿ ಕಾಳು ಕಂಡರೆ ಕೆಳಗಿರುವ ಸಣ್ಣ ಕೊಳವೆ ಫಕ್ಕನೆ ಗಾಳಿ ಊದಿ ಅದನ್ನು ಪಕ್ಕದ ಡಬ್ಬಿಗೆ ಹಾರಿಸುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರ ಒಳಗೆ. ಗಾಳಿ ಕೂದಲೆಳೆಯಷ್ಟು ತಡವಾದರೂ ಕರಿ ಕಾಳು ಒಳ್ಳೆಯ ಅಕ್ಕಿಯ ಜೊತೆ ಹೋಗಿಬಿಡುತ್ತದೆ, ಅದರ ಹಿಂದೆ ಬರುತ್ತಿದ್ದ ಒಳ್ಳೆಯ ಕಾಳು ಡಬ್ಬಿಗೆ ಬೀಳುತ್ತದೆ.

ಎರಡು ತಿಂಗಳ ಹಿಂದೆ ಈ ಯಂತ್ರದ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ ಹೊಸದನ್ನು ಜೋಡಿಸಿಕೊಟ್ಟವನು ನಾನು, ಈಶಪ್ಪ. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಗಿರಣಿಗೆ ಬರೆದುಕೊಟ್ಟ ಕಾಗದದಲ್ಲಿ ‘ಯಂತ್ರ ಸರಿಯಾಗಿದೆ’ ಎಂದು ಸಹಿ ಮಾಡಿದ್ದೆ. ಸಹಿ ಮಾಡಿದ ಮರುದಿನದಿಂದಲೇ ಕರಿ ಕಾಳು ನುಸುಳತೊಡಗಿದವು. ಅದೂ ದಿನವಿಡೀ ಅಲ್ಲ. ಅಕ್ಕಿ ದಂಡಿಯಾಗಿ ಸುರಿಯುವಾಗ ಒಂದೂ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಶುರುವಾಗುವಾಗ, ಸಂಜೆ ಮುಗಿಯುವಾಗ, ಅಕ್ಕಿ ತೆಳ್ಳಗೆ ಬೀಳುವ ಹತ್ತು ಹತ್ತು ನಿಮಿಷ ಮಾತ್ರ ಈ ತೊಂದರೆ.

ಬಸವಣ್ಣೆಮ್ಮ ಆ ಹೊತ್ತಿನ ಅಕ್ಕಿಯನ್ನು ತಾಟಿನಲ್ಲಿ ಹರಡಿ, ಕರಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಡುತ್ತಿದ್ದರು. ನಾನು ಹೋದಾಗಲೆಲ್ಲ ಪೊಟ್ಟಣ ಬಿಚ್ಚಿ ತೋರಿಸುತ್ತಿದ್ದರು. “ನಿನ್ನ ಮಷೀನಿಗೆ ಮುಂಜಾನಿ ಚಾ ಆಗಿರಂಗಿಲ್ಲ ಕಾಣತೈತಿ ತಮ್ಮಾ” ಎನ್ನುತ್ತಿದ್ದರು. ನಾನು ಒಮ್ಮೆ ಧೂಳು ಎಂದೆ, ಒಮ್ಮೆ ವೋಲ್ಟೇಜ್ ಎಂದೆ. ಧೂಳು ಎಂದ ತಪ್ಪಿಗೆ ಗಿರಣಿಯ ಹೆಂಗಸರು ದಿನಕ್ಕೆ ಮೂರು ಸಲ ಕ್ಯಾಮೆರಾದ ಗಾಜು ಒರೆಸಿದರು. ಗಾಜು ಕನ್ನಡಿಯಂತೆ ಹೊಳೆಯಿತು, ಪೊಟ್ಟಣ ಮಾತ್ರ ದಪ್ಪಗಾಗುತ್ತ ಹೋಯಿತು.

ಕೊನೆಗೆ ಪಂಪಾಪತಿಯವರು ಗುರುವಾರ ಹೊರಗಿನಿಂದ ಜನ ಬಂದು ನನ್ನ ಕಂಪ್ಯೂಟರನ್ನು ಕಿತ್ತುಹಾಕುತ್ತಾರೆ ಎಂದು ತಿಳಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗಂಗಾವತಿಯಲ್ಲಿ ಗಿರಣಿಗಳು ಒಂದಕ್ಕೊಂದು ಗೋಡೆ ಹಂಚಿಕೊಂಡಿವೆ. ಒಂದು ಗಿರಣಿಯಲ್ಲಿ ಕಿತ್ತುಹಾಕಿದ ಕೆಲಸದವನನ್ನು ಇನ್ನೊಂದು ಗಿರಣಿ ಕರೆಯುವುದಿಲ್ಲ. ನನಗೆ ಉಳಿದಿದ್ದದ್ದು ಬುಧವಾರ ಒಂದೇ.

ಬುಧವಾರ ಬೆಳಿಗ್ಗೆಯೇ ಹೋಗಿ ಪರದೆಯ ಮುಂದೆ ಕುಳಿತೆ. ನನ್ನ ಗುಮಾನಿ ನಿದ್ದೆಯ ಮೇಲಿತ್ತು. ಕಂಪ್ಯೂಟರಿನ ಪ್ರೊಸೆಸರ್ ಎರಡು ಕೆಲಸಗಳ ನಡುವೆ ಕ್ಷಣ ಬಿಡುವು ಸಿಕ್ಕರೂ ಮಲಗುತ್ತದೆ, ವಿದ್ಯುತ್ ಉಳಿಸಲು. ಅದರಲ್ಲಿ ಬರೀ ಕಣ್ಣು ಮುಚ್ಚುವ ನಿದ್ದೆ ಬೇರೆ, ಹಾಸಿಗೆ ಬಿಡಿಸಿ ಮಲಗುವ ನಿದ್ದೆ ಬೇರೆ. ಎರಡನೆಯದರಿಂದ ಏಳುವುದು ತಡ. ಅದಕ್ಕೇ ನಾನು ಮೊದಲ ದಿನವೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಗಾಢ ನಿದ್ದೆ ಬೇಡ ಎಂದು ಕಟ್ಟು ಹಾಕಿದ್ದೆ. ಈಗ ಮತ್ತೆ ನೋಡಿದೆ. ಕಟ್ಟು ಹಾಗೇ ಇತ್ತು. ಕಣ್ಣು ಮುಚ್ಚಿದ್ದು ಇಷ್ಟು ಸಾವಿರ ಸಲ, ಗಾಢ ನಿದ್ದೆ ಸೊನ್ನೆ ಎಂದು ಪರದೆ ಹೇಳುತ್ತಿತ್ತು. ಆ ಸೊನ್ನೆಯನ್ನು ನಾನು ನಾಲ್ಕು ಸಲ ಓದಿದೆ.

ಅಷ್ಟರಲ್ಲಿ ಗೇಟಿನಲ್ಲಿ ಸಿಂಧನೂರಿನ ಭತ್ತದ ಲಾರಿ ಹಾರ್ನ್ ಹೊಡೆಯತೊಡಗಿತು. ಗೇಟು ಕಾಯುವ ಓಬಳೆಪ್ಪ ಕುರ್ಚಿಯಲ್ಲಿ ಇರಲಿಲ್ಲ. ಪಂಪಾಪತಿಯವರು ಆಫೀಸಿನಿಂದ ಹೊರಗೆ ಬಂದು, ಗಾಡಿ ಇಲ್ಲದಾಗ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚು ಎಂದು ತಾವು ಅವನಿಗೆ ಸ್ಪಷ್ಟವಾಗಿ ಹೇಳಿದ್ದಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು. ಹಾಜರಿ ಪುಸ್ತಕದಲ್ಲೂ ಹಾಗೇ ಇತ್ತು: ಓಬಳೆಪ್ಪ, ಗೇಟು.

ಬಸವಣ್ಣೆಮ್ಮ ತಾಟಿನಿಂದ ತಲೆ ಎತ್ತಲಿಲ್ಲ. “ಕಣ್ಣು ಮುಚ್ಚಿದ ಮ್ಯಾಲ ಕುರ್ಚಿ ಯಾಕೋ, ಸೊಂಟ ಹಿಡಿತೈತಿ, ಒಳಗ ಹೋಗಿ ಮಲಗು ಅಂತ ನಾನ ಹೇಳೀನಿ ಅವಗ” ಎಂದರು.

“ಹಂಗಾರ ನಾ ಹೇಳಿದ್ದು?”

“ನೀ ಹೇಳಿದಿ, ಬುಕ್ಕಿನಾಗ ಬರದಿ. ಆಮ್ಯಾಲ ಅವ ಏನು ಮಾಡಿದ ಅಂತ ಯಾವತ್ತರ ಎದ್ದು ಬಂದು ನೋಡೀಯೇನು?” ಎಂದು ಕೇಳಿ, ಅವರು ಲಾರಿಯವನಿಗೆ ಕೂಗಿ ಹೇಳಿದರು: “ಆರು ನಿಮಿಷ ತಡೀಯಪ್ಪಾ. ಅವ ಚಪ್ಪಲಿ ಹುಡುಕಿ, ಮುಖ ತೊಳಕೊಂಡು, ಟಾವೆಲ್ ಸುತ್ತಿಗೊಂಡು ಬರಬೇಕು.”

ಓಬಳೆಪ್ಪ ಬಂದಾಗ ನಾನು ಗಡಿಯಾರ ನೋಡಿದೆ. ಆರು ನಿಮಿಷವೇ ಆಗಿತ್ತು.

ನಾನು ಪರದೆಯ ಕಡೆ ತಿರುಗಿದೆ. ಆ ಸೊನ್ನೆಯೂ ಪಂಪಾಪತಿಯವರ ಹಾಜರಿ ಪುಸ್ತಕವೇ ಎಂದು ಆಗ ಹೊಳೆಯಿತು. ಆಪರೇಟಿಂಗ್ ಸಿಸ್ಟಮ್ ತಾನು ಏನು ಹೇಳಿದೆ ಎಂಬುದನ್ನು ಬರೆದುಕೊಂಡಿತ್ತು, ಏನು ನಡೆಯಿತು ಎಂಬುದನ್ನಲ್ಲ. ಅದರ ಕೆಳಗೆ ಇನ್ನೊಬ್ಬರಿದ್ದಾರೆ: ಫರ್ಮ್‌ವೇರ್, ಅಂದರೆ ಬೋರ್ಡು ತಯಾರಾಗುವಾಗಲೇ ಅದರಲ್ಲಿ ಕೂರಿಸಿದ ಸಣ್ಣ ತಂತ್ರಾಂಶ. ಸ್ವಿಚ್ ಹಾಕಿದಾಗ ಎಲ್ಲರಿಗಿಂತ ಮೊದಲು ಏಳುವುದು ಅದೇ.

ಅದರ ಸೆಟ್ಟಿಂಗ್‌ಗಳಿರುವ ನೀಲಿ ಪುಟವನ್ನು ನಾನು ಯಾಕೆ ನೋಡಿರಲಿಲ್ಲ ಎಂದು ಹೇಳಲು ಸಂಕೋಚವಾಗುತ್ತದೆ. ಕೊಪ್ಪಳದ ಸಂಜೆ ತರಗತಿಯಲ್ಲಿ ನಮ್ಮ ಮೇಷ್ಟ್ರು, ಆ ಪುಟ ಮನೆಯ ಹಿರಿಯರ ಪೆಟ್ಟಿಗೆ ಇದ್ದ ಹಾಗೆ, ಕೈ ಹಾಕಬೇಡಿ ಎಂದಿದ್ದರು. ಹನ್ನೊಂದು ವರ್ಷದಿಂದ ದಿನಾಂಕ ತಿದ್ದುವುದಕ್ಕೆ ಬಿಟ್ಟರೆ ನಾನು ಅದಕ್ಕೆ ಕೈ ಹಾಕಿರಲಿಲ್ಲ. ಮೇಷ್ಟ್ರು ಹೇಳಿದ್ದು ಹೊಸಬರಿಗೆ ಇರಬಹುದು, ಹನ್ನೊಂದು ವರ್ಷಕ್ಕಲ್ಲ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅಂದು ತೆರೆದೆ. ನಾಲ್ಕನೆಯ ಪುಟದಲ್ಲಿ ಸಿಕ್ಕಿತು. ಮೇಲಿನವರು ಹಗುರ ನಿದ್ದೆ ಕೇಳಿದರೂ, ಕೆಲಸ ಕಡಿಮೆ ಕಂಡರೆ ತಾನೇ ಗಾಢ ನಿದ್ದೆಗೆ ಇಳಿಸುವ ಅಧಿಕಾರವನ್ನು ಫರ್ಮ್‌ವೇರ್ ಇಟ್ಟುಕೊಂಡಿತ್ತು. ಅದರ ಉದ್ದೇಶ ಕೆಟ್ಟದ್ದಲ್ಲ, ಬಸವಣ್ಣೆಮ್ಮನವರದ್ದರಂತೆ ಸೊಂಟದ ಕಾಳಜಿಯೇ. ಅಕ್ಕಿ ದಂಡಿಯಾಗಿ ಬಿದ್ದಾಗ ಮಲಗಲು ಪುರಸೊತ್ತೇ ಇರುತ್ತಿರಲಿಲ್ಲ. ತೆಳ್ಳಗಾದ ಕೂಡಲೇ ಎರಡು ಕಾಳಿನ ನಡುವೆ ಹಾಸಿಗೆ ಬಿಡಿಸುತ್ತಿತ್ತು.

ಮೊದಲು ಸಿಟ್ಟಿನಲ್ಲಿ ಎಲ್ಲ ನಿದ್ದೆಯನ್ನೂ ಬಂದ್ ಮಾಡಿದೆ. ಏಪ್ರಿಲ್ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ಪೆಟ್ಟಿಗೆ ರೊಟ್ಟಿ ಹಂಚಿನಂತೆ ಕಾದಿತು, ಫ್ಯಾನ್ ಕಿರುಚಿತು. ಅದೂ ನ್ಯಾಯವಲ್ಲ ಎಂದು ತಿದ್ದಿದೆ. ಯಾವ ನಿದ್ದೆಯಿಂದ ಏಳಲು ಎಷ್ಟು ಹೊತ್ತು ಬೇಕು ಎಂಬ ಪಟ್ಟಿಯನ್ನು ಫರ್ಮ್‌ವೇರ್ ಕೊಡಬೇಕು, ತಾನಾಗಿ ಮಲಗಿಸಬಾರದು. ಮುಂದಿನ ಕೆಲಸ ಯಾವಾಗ ಎಂದು ಗೊತ್ತಿರುವ ಆಪರೇಟಿಂಗ್ ಸಿಸ್ಟಮ್ ಆ ಪಟ್ಟಿ ನೋಡಿ ತೀರ್ಮಾನಿಸಬೇಕು. ಅಕ್ಕಿ ಬೀಳುತ್ತಿರುವಷ್ಟು ಹೊತ್ತು ಹಗುರ ನಿದ್ದೆ ಮಾತ್ರ. ಊಟದ ಹೊತ್ತಿಗೆ ಯಂತ್ರ ನಿಂತಾಗ ಬೇಕಾದಷ್ಟು ಮಲಗಲಿ.

ಆಮೇಲೆ ಹೋಗಿ ಬಸವಣ್ಣೆಮ್ಮನವರ ಮುಂದೆ ನಿಂತೆ. ಧೂಳಲ್ಲ, ವೋಲ್ಟೇಜ್ ಅಲ್ಲ, ಎರಡು ತಿಂಗಳು ನಾನೇ ನೋಡದೆ ಬಿಟ್ಟ ಒಂದು ಪುಟ ಎಂದು ಒಪ್ಪಿಕೊಂಡೆ. ಅವರು ಬಿಡಿಸಿ ಹೇಳು ಎಂದರು. ಏಳುವ ಹೊತ್ತಿನ ಪಟ್ಟಿಗೆ ಬೇರೆ ಉದಾಹರಣೆ ಹೊಳೆಯದೆ ಓಬಳೆಪ್ಪನ ಹೆಸರು ಹೇಳಿಬಿಟ್ಟೆ. ನಡುವೆ ಅಕ್ಕನ ಪಾತ್ರ ಬಂದಾಗ ನನ್ನ ಮಾತು ತಡವರಿಸಿತು.

“ಹೇಳು, ಹೇಳು. ತಮ್ಮ ಕುರ್ಚಿ ಅಂದ, ಅಕ್ಕ ಹಾಸಿಗಿ ಅಂದಳು. ನಾ ನಿನ್ನ ಪೆಟಗಿಯಾಗೂ ಅದೀನಿ ಅಂದಂಗಾತು.”

“ತಪ್ಪು ತಿಳಿಬ್ಯಾಡ್ರಿ ಅಕ್ಕಾರ. ಲಾರಿ ಯಾವಾಗ ಬರತೈತಿ ಅನ್ನೂದು ಸಾವ್ಕಾರರಿಗೆ ಗೊತ್ತು. ಓಬಳೆಪ್ಪ ಏಳಾಕ ಎಷ್ಟು ಹೊತ್ತು ಬೇಕು ಅನ್ನೂದು ನಿಮಗ ಗೊತ್ತು. ಇಬ್ಬರೂ ಬ್ಯಾರೆ ಬ್ಯಾರೆ ಹೇಳಿದರ ಗೇಟು ತಗಿಯಂಗಿಲ್ಲ, ಅಷ್ಟರಿ.”

ಅವರು ಪೊಟ್ಟಣ ತೆಗೆದರು. ಎರಡು ತಿಂಗಳ ಸಂಗ್ರಹದಿಂದ ಅರವತ್ತು ಕರಿ ಕಾಳು ಎಣಿಸಿ ಬೇರೆ ಕಾಗದದಲ್ಲಿಟ್ಟುಕೊಂಡು, ಒಂದು ಬುಟ್ಟಿ ಬಿಳಿ ಅಕ್ಕಿಗೆ ಝಾಡಿಸಿದರು. ಪಂಪಾಪತಿಯವರೂ ಬಂದು ನಿಂತರು. ಬಸವಣ್ಣೆಮ್ಮ ಬೇಕೆಂದೇ ತೀರ ತೆಳ್ಳಗೆ, ಚಿಟಿಕೆ ಚಿಟಿಕೆಯಾಗಿ ಅಕ್ಕಿ ಸುರಿದರು. ಕೊಳವೆ ಫಕ್, ಫಕ್ ಅಂದಿತು.

ಡಬ್ಬಿಯನ್ನು ಎಣಿಸಿದಾಗ ಐವತ್ತೊಂಬತ್ತು.

ಇನ್ನೊಮ್ಮೆ ಎಣಿಸಿದರು. ಐವತ್ತೊಂಬತ್ತೇ. ಯಾರೂ ಕೇಳುವ ಮೊದಲೇ ನಾನು, “ಒಂದು ತಪ್ಪೈತ್ರಿ. ನಾಳೆ ಅವರು ಬರಲಿ” ಎಂದೆ. ಪಂಪಾಪತಿಯವರು ಅಕ್ಕನ ಮುಖ ನೋಡಿದರು. ಬಸವಣ್ಣೆಮ್ಮ ಒಳ್ಳೆಯ ಅಕ್ಕಿಯನ್ನು ತಾಟಿನಲ್ಲಿ ಹರಡಿ ಬೆರಳಾಡಿಸಿದರು. ಅದರಲ್ಲಿ ಕರಿ ಕಾಳು ಇರಲಿಲ್ಲ. ಮತ್ತೆ ಹುಡುಕಿದರು, ಇರಲಿಲ್ಲ. ಕೊನೆಗೆ ಎಣಿಸಿಟ್ಟಿದ್ದ ಕಾಗದವನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಮಡಿಕೆಯ ಸಂದಿಯಲ್ಲಿ ಒಂದು ಕರಿ ಕಾಳು ಅಂಟಿಕೊಂಡಿತ್ತು.

“ಇದು ಹೊರಗ ಬಂದ ಇಲ್ಲ ನೋಡು. ಓಬಳೆಪ್ಪನ ಪೈಕಿ ಇರಬೇಕು” ಎಂದು ಅದನ್ನು ನನ್ನ ಅಂಗೈಗೆ ಹಾಕಿದರು. ತಮ್ಮನ ಕಡೆ ತಿರುಗಿ, “ನಾಳೆ ಬರವರಿಗೆ ಬ್ಯಾಡ ಅಂತ ಫೋನ್ ಮಾಡು” ಎಂದರು.

ಪಂಪಾಪತಿಯವರು ಆಗಲೇ ಫೋನ್ ಕೈಗೆ ತೆಗೆದುಕೊಂಡಿದ್ದರು. ಮಾತು ಮುಗಿಸಿ, ಇನ್ನು ಮೇಲೆ ಲಾರಿ ಕಾರಟಗಿ ದಾಟಿದ ಕೂಡಲೇ ಅಕ್ಕನಿಗೆ ಹೇಳುವುದಾಗಿ, ಓಬಳೆಪ್ಪನನ್ನು ಆರು ನಿಮಿಷ ಮೊದಲು ಎಬ್ಬಿಸುವುದು ಅವರಿಗೆ ಬಿಟ್ಟಿದ್ದು ಎಂದು ಹೇಳಿದರು. ಬಸವಣ್ಣೆಮ್ಮ ಬೇಡ ಅನ್ನಲಿಲ್ಲ.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಬಂದಾಗ ಓಬಳೆಪ್ಪ ಚಹಾದ ಗ್ಲಾಸು ಹಿಡಿದು ಕುರ್ಚಿಯಲ್ಲಿ ಕುಳಿತಿದ್ದ. ಒಳಗಿನ ಮಾತು ಗೇಟಿನ ತನಕ ಕೇಳಿತ್ತು; ಹೆಸರು ಹೇಳಿದ್ದಕ್ಕೆ ಬೇಸರವಾಯಿತೇನೋ ಎಂದು ನಾನು ಕ್ಷಮೆ ಕೇಳಿದೆ. ಅವನು ನನ್ನನ್ನು ಹತ್ತಿರ ಕರೆದು, ಒಳಗೆ ಕೇಳದಂತೆ ಮೆಲ್ಲಗೆ ಹೇಳಿದ:

“ನಿಮ್ಮ ಪಟ್ಟಿಯಾಗ ನನ್ನ ಹೆಸರು ಇದ್ದರ ಆರು ಅಲ್ಲರಿ, ಎಂಟು ಬರಕೋರಿ. ಅಮ್ಮಾರು ಚಾ ಲೆಕ್ಕಕ್ಕ ಹಿಡದಿಲ್ಲ.”